ಮದ್ದಿನೊಡನೆ ಬರಬೇಕಾದ ಮಾತು

ಕರ್ಕಾಟಕ ಮಾಸವನ್ನು ಕೊಡವರು ಕಕ್ಕಡವೆಂದು ಕರೆಯುವರು. ಮಳೆ ಎಡೆಬಿಡದೆ ಸುರಿಯುವ, ಗದ್ದೆಗಳಲ್ಲಿ ನಾಟಿಯ ಕೆಲಸ ಸಾಗುವ ಆ ತಿಂಗಳ 18ನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ವಾಡಿಕೆಯುಂಟು. ಸಸ್ಯಶಾಸ್ತ್ರಜ್ಞರು ಜಸ್ಟೀಸಿಯ ವೈನಾಡೆನ್ಸಿಸ್ ಎಂದು ಹೆಸರಿಟ್ಟಿರುವ ಈ ಗಿಡದ ಸೊಪ್ಪನ್ನು ಬೇಯಿಸಿದರೆ ನೀರು ಕಡುನೇರಳೆಯಾಗುವುದು. ಆ ನೀರಿನಲ್ಲಿ ಅಕ್ಕಿಯನ್ನು ಬೇಯಿಸಿ, ಬೆಲ್ಲ ತೆಂಗಿನಹಾಲುಗಳನ್ನು ಕೂಡಿಸುವರು. ಅಂದು ಗಿಡದಲ್ಲಿ 18 ಬಗೆಯ ಔಷಧಗುಣಗಳು ನೆಲಸಿರುತ್ತವೆಂಬುದು ಹಿಂದಿನಿಂದ ಬಂದ ನಂಬಿಕೆ. ಉಂಡವರ ಮೂತ್ರವು ಬಳಿಕ ಕೆಂಪಾಗುವುದು. ಮೊದಲ ಬಾರಿಗೆ ಉಣ್ಣುವ ಮಕ್ಕಳಿಗೂ ಮನೆಗೆ ಬಂದ ನೆಂಟರಿಗೂ ಹಿರಿಯರು ಇದನ್ನು ಮುಂಚಿತವಾಗಿಯೇ ತಿಳಿಸುವುದರಿಂದ ಯಾರೂ ಗಾಬರಿಗೊಳ್ಳುವುದಿಲ್ಲ.

ಹದಿನೆಂಟೆಂಬ ಎಣಿಕೆಯನ್ನು ರಸಾಯನಶಾಸ್ತ್ರವು ಒಪ್ಪಲಿ ಬಿಡಲಿ, ಆ ಆಚರಣೆಯೊಳಗೆ ಔಷಧಸೇವನೆಯ ವಿವೇಕವೊಂದು ಅಡಗಿದೆ. ಸೊಪ್ಪನ್ನು ಗುರುತುಬಲ್ಲವರೇ ತರಬೇಕು. ಗೊತ್ತಾದ ದಿನದಲ್ಲಿ ಉಣ್ಣಬೇಕು. ಉಂಡ ಮೇಲೆ ದೇಹದಲ್ಲಿ ಕಾಣುವುದೇನೆಂಬುದು ಮೊದಲೇ ತಿಳಿದಿರಬೇಕು. ಔಷಧವು ಹಿತ್ತಿಲನ್ನು ಬಿಟ್ಟು ಸೀಸೆಯನ್ನೂ ಪೊಟ್ಟಣವನ್ನೂ ಸೇರಿದಾಗ ಈ ತಿಳಿವಳಿಕೆಯು ಹೇಗೆ ಹಿಂದುಳಿಯಿತು, ಅದನ್ನು ಮರಳಿ ತರಲು ಶಾಸನವೂ ವೃತ್ತಿಯೂ ಏನು ಮಾಡಿದವು ಎಂಬುದು ಕೊಡಗಿನ ಚರಿತ್ರೆಯಲ್ಲಿ ವಿಚಾರಯೋಗ್ಯವಾದ ಒಂದು ಪ್ರಸಂಗ.

ನಮ್ಮ ನುಡಿಯೇ ಈ ವಿಷಯದಲ್ಲಿ ಎಚ್ಚರಿಕೆ ಕೊಡುತ್ತದೆ. ಮದ್ದು ರೋಗವನ್ನು ಕಳೆಯುವುದು. ಆದರೆ ‘ಮದ್ದಿಕ್ಕಿದರು’ ಎಂದರೆ ವಿಷವಿಕ್ಕಿದರೆಂದು ಅರ್ಥ. ಮಾತ್ರೆಯೆಂಬ ಶಬ್ದದ ಮೂಲಾರ್ಥವು ಅಳತೆ. ಛಂದಸ್ಸಿನಲ್ಲಿ ಅದು ಉಚ್ಚಾರಣಕಾಲದ ಅಳತೆ, ವೈದ್ಯದಲ್ಲಿ ಸೇವನೆಯ ಅಳತೆ. ಚರಕಸಂಹಿತೆಯು ಔಷಧಕ್ಕೂ ವಿಷಕ್ಕೂ ಇರುವ ಭೇದವನ್ನು ಪ್ರಯೋಗದ ಯುಕ್ತಿಯಲ್ಲಿ ಕಂಡಿತು. 14ನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನೇ ವಸ್ತುವಾಗಿಟ್ಟುಕೊಂಡು ಕನ್ನಡದಲ್ಲಿ ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಔಷಧದ ಭಯವೂ ಭಕ್ತಿಯೂ ಕನ್ನಡಿಗರಿಗೆ ಹೊಸತೇನೂ ಅಲ್ಲ.

1834ರಲ್ಲಿ ಕೊಡಗು ಇಂಗ್ಲಿಷರ ಆಳ್ವಿಕೆಗೆ ಸೇರಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿತೋಟವನ್ನು ತೆರೆದನು. ಅವನ ಹಿಂದೆಯೇ ತೋಟಗಳು ಹಬ್ಬಿ, ದುಡಿಮೆಗಾಗಿ ಹೊರಸೀಮೆಗಳಿಂದ ಜನ ಬಂದರು. ಕಾಡಿನ ತೊರೆಗಳಲ್ಲಿ ಹುಟ್ಟುವ ಸೊಳ್ಳೆಗಳಿಂದ ಹರಡುವ ಮಲೇರಿಯಾ ಚಳಿಜ್ವರವು ಇಂತಹ ಮಲೆಸೀಮೆಗಳ ದೊಡ್ಡ ಪಿಡುಗಾಗಿದ್ದಿತು. ಅದಕ್ಕೆ ಆಗ ಇದ್ದ ನೆಚ್ಚಿನ ಔಷಧವೆಂದರೆ ಸಿಂಕೋನ ಮರದ ತೊಗಟೆಯಿಂದ ತೆಗೆದ ಕ್ವಿನೈನು. ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವಂಟೂ ಎಂಬವರು 1820ರಲ್ಲಿ ಇದನ್ನು ಬೇರ್ಪಡಿಸಿದ್ದರು. 1860ರ ಬಳಿಕ ಆ ಮರವನ್ನು ನೆರೆಯ ನೀಲಗಿರಿಯಲ್ಲಿಯೇ ಬೆಳೆಸಲಾಯಿತು.

ಕ್ವಿನೈನು ಪ್ರಾಣರಕ್ಷಕವಾದರೂ ಸೌಮ್ಯವಾದ ಔಷಧವಲ್ಲ. ಸೇವಿಸಿದವರಿಗೆ ಕಿವಿಯಲ್ಲಿ ಮೊರೆತ, ತಲೆಸುತ್ತು, ಕೆಲಕಾಲದ ಕಿವುಡು ಉಂಟಾಗುವುದುಂಟು. ಕ್ರಮವಿಲ್ಲದೆ ಆಗಾಗ ಅದನ್ನು ಸೇವಿಸಿದ ಮಲೇರಿಯಾ ರೋಗಿಗಳಲ್ಲಿ ಕೆಲವರಿಗೆ ರಕ್ತಕಣಗಳು ಒಡೆದು, ಮೂತ್ರ ಕಪ್ಪಾಗಿ, ಪ್ರಾಣಕ್ಕೆ ಅಪಾಯವಾಗುತ್ತಿದ್ದಿತು. ಬಂಗಾಳದಲ್ಲಿ 1892ರಲ್ಲಿ ಕ್ವಿನೈನಿನ ಸಣ್ಣ ಪೊಟ್ಟಣಗಳನ್ನು ಅಂಚೆಕಚೇರಿಗಳಲ್ಲಿ ಕಾಸಿನ ಬೆಲೆಗೆ ಮಾರುವ ಏರ್ಪಾಡಾಯಿತು. ಅದು ಇತರ ಪ್ರಾಂತಗಳಿಗೂ ಹರಡಿತು. ಬಡವರಿಗೆ ಔಷಧವು ಕೈಗೆಟುಕಿದುದು ದೊಡ್ಡ ಉಪಕಾರವೇ ಸರಿ. ಆದರೆ ಕಾಗದ ಹಂಚುವವನು ಮದ್ದಿನ ಗುಣದೋಷಗಳನ್ನು ಹೇಳಬಲ್ಲನೆ? ಕಿವಿ ಮೊರೆದೊಡನೆ ಹೆದರಿ ಬಿಟ್ಟವರೂ, ಜ್ವರ ಇಳಿದೊಡನೆ ಸಾಕೆಂದು ನಿಲ್ಲಿಸಿದವರೂ, ಉಷ್ಣವೆಂದು ಮುಟ್ಟದವರೂ ದೇಶದಲ್ಲೆಲ್ಲ ಇದ್ದರು.

ದವಾಖಾನೆಗಳಲ್ಲಿ ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿದವನು ಕಂಪೌಂಡರ್. ಅವನು ನೀರೌಷಧವನ್ನು ಬೆರೆಸಿ ಸೀಸೆಗೆ ತುಂಬಿ, ಅದರ ಬದಿಗೆ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದನು. ಆ ಪಟ್ಟಿಯಲ್ಲಿ ಕತ್ತರಿಸಿದ ಒಂದೊಂದು ಕಚ್ಚು ಒಂದೊಂದು ಹೊತ್ತಿನ ಅಳತೆ. ಓದುಬಾರದ ಮುದುಕಿಯೂ ಕಚ್ಚನ್ನು ನೋಡಿ ಔಷಧ ಕುಡಿಯಬಹುದಾಗಿದ್ದಿತು. ಕುಲುಕಿ ಕುಡಿಯಬೇಕೆಂದು ಅವನು ಬಾಯಿಮಾತಿನಲ್ಲಿ ಹೇಳಿ ಕಳುಹಿಸುತ್ತಿದ್ದನು. ಮಾತ್ರೆಯೆಂಬ ಪದದ ಅರ್ಥವು ಆ ಕಾಗದದ ತುಂಡಿನಲ್ಲಿ ಕಣ್ಣಿಗೆ ಕಾಣುವಂತಿದ್ದಿತು.

ಆದರೆ ಅಳತೆ ಸರಿಯಾಗಿದ್ದರೂ ಸೀಸೆಯೊಳಗಿನ ವಸ್ತುವೇ ಸುಳ್ಳಾದರೆ ಗತಿಯೇನು? ಕಲಬೆರಕೆಯ ಔಷಧಗಳು, ಅದರಲ್ಲಿಯೂ ಕಲಬೆರಕೆಯ ಕ್ವಿನೈನು, ದೇಶದ ಮಾರುಕಟ್ಟೆಗಳಲ್ಲಿ ತುಂಬಿವೆಯೆಂಬ ಕೂಗು ಎದ್ದಿತು. 1927ರಲ್ಲಿ ಕೇಂದ್ರ ಶಾಸನಸಭೆಯ ಮೇಲ್ಮನೆಯಲ್ಲಿ ಈ ವಿಷಯದ ನಿರ್ಣಯವೊಂದು ಮಂಡಿತವಾಯಿತು. 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾಸಮಿತಿಯು ಮರುವರ್ಷ ವರದಿಯನ್ನೊಪ್ಪಿಸಿ, ಔಷಧಗಳ ಪರೀಕ್ಷೆಗೆ ಪ್ರಯೋಗಶಾಲೆಯೂ ನಿಯಂತ್ರಣಕ್ಕೆ ಶಾಸನವೂ ಬೇಕೆಂದಿತು. 1937ರಲ್ಲಿ ಅಮೆರಿಕದಲ್ಲಿ ವಿಷದ್ರವವೊಂದರಲ್ಲಿ ಕರಗಿಸಿದ ಸಲ್ಫಾ ಔಷಧವನ್ನು ಕುಡಿದು ನೂರಕ್ಕೂ ಹೆಚ್ಚು ಮಂದಿ ಮಡಿದರು. ಅಲ್ಲಿ ಮರುವರ್ಷವೇ ಬಿಗಿಯಾದ ಕಾನೂನಾಯಿತು. ಭಾರತದಲ್ಲಿ ಔಷಧ ಶಾಸನವು ಹುಟ್ಟಿದುದು 1940ರಲ್ಲಿ. ತಯಾರಿಕೆ, ಮಾರಾಟ, ಹಂಚಿಕೆಗಳನ್ನು ಕುರಿತ ಅದರ ನಾಲ್ಕನೆಯ ಅಧ್ಯಾಯವು ದೆಹಲಿ ಮತ್ತು ಅಜ್ಮೀರಗಳೊಡನೆ ಕೊಡಗಿನಲ್ಲಿ ಜಾರಿಗೆ ಬಂದುದು 1947ರ ಏಪ್ರಿಲ್ 1ರಂದು, ಸ್ವಾತಂತ್ರ್ಯಕ್ಕೆ ನಾಲ್ಕೂವರೆ ತಿಂಗಳು ಮುಂಚೆ. ಚೀಫ್ ಕಮಿಷನರನ ಆಡಳಿತಕ್ಕೆ ಒಳಪಟ್ಟಿದ್ದ ಈ ಪುಟ್ಟ ಪ್ರಾಂತದಲ್ಲಿ ಅಂದಿನಿಂದ ಔಷಧವ್ಯಾಪಾರವು ಅನುಮತಿಪತ್ರಕ್ಕೂ ತಪಾಸಣೆಗೂ ಅಧೀನವಾಯಿತು. 1948ರ ಫಾರ್ಮಸಿ ಶಾಸನವು ಔಷಧ ಕೊಡುವವನಿಗೆ ಶಿಕ್ಷಣವನ್ನೂ ನೋಂದಣಿಯನ್ನೂ ವಿಧಿಸಿತು. ಆಯುರ್ವೇದ ಔಷಧಗಳು ಈ ಕಾನೂನಿನ ವ್ಯಾಪ್ತಿಗೆ ಬಂದುದು 1964ರ ತಿದ್ದುಪಡಿಯಿಂದ.

ಶಾಸನವು ಆಗುವುದರಿಂದಲೇ ಅನರ್ಥವು ನಿಲ್ಲುವುದಿಲ್ಲ. 1986ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕಲಬೆರಕೆಯ ಗ್ಲಿಸರಿನ್ನಿನಿಂದ 14 ಮಂದಿ ಸತ್ತರು. ಅದರಲ್ಲಿ ಬೆರೆತಿದ್ದುದು 1937ರ ಅಮೆರಿಕದ ಅದೇ ವಿಷದ್ರವ. ಆದರೂ ಸೀಸೆಯೊಳಗಿನ ಸತ್ಯಾಸತ್ಯಕ್ಕೆ ಉತ್ತರ ಹೇಳಬೇಕಾದವರು ಇಂದು ಇದ್ದಾರೆ. ಸೀಸೆಯು ಮನೆಯ ಹೊಸಿಲನ್ನು ದಾಟಿದ ಬಳಿಕ ಆಗುವುದಕ್ಕೆ ಉತ್ತರಿಸುವವರು ಯಾರು?

ಇದಕ್ಕೊಂದು ನಿದರ್ಶನವನ್ನು ನೋಡಬಹುದು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವು ಮೂತ್ರವನ್ನು ಕಿತ್ತಳೆಗೆಂಪು ಮಾಡುತ್ತದೆ. ಇದರಿಂದ ಕೇಡಿಲ್ಲ. ಆದರೆ ಮೊದಲೇ ಹೇಳದಿದ್ದರೆ ರೋಗಿಯು ರಕ್ತವೇ ಹೋಗುತ್ತಿದೆಯೆಂದು ಬೆದರಿ, ತಿಂಗಳುಗಟ್ಟಲೆ ತಪ್ಪದೆ ಸೇವಿಸಬೇಕಾದ ಔಷಧವನ್ನು ನಡುವೆಯೇ ಬಿಟ್ಟಾನು. ಹಾಗೆ ಬಿಟ್ಟವನಲ್ಲಿ ಔಷಧಕ್ಕೆ ಬಗ್ಗದ ಕ್ಷಯವು ಬೆಳೆಯಬಹುದು. ಅದು ಮನೆಯವರಿಗೂ ಹರಡಬಹುದು. ಕಕ್ಕಡದ ಪಾಯಸವನ್ನು ಉಂಡು ಮರುದಿನ ನಗುವ ಮನೆಯೇ ಇಲ್ಲಿ ಒಂದು ಮಾತಿನ ಅಭಾವದಿಂದ ಅಳಬೇಕಾದೀತು.

ಮಾರಾಟದ ನಿಯಮಗಳು ಈಗ ಇನ್ನಷ್ಟು ಬಿಗಿಯಾಗಿವೆ. 2013ರಲ್ಲಿ ಪ್ರಕಟವಾದ ಹೆಚ್-1 ಅನುಸೂಚಿಯು ಕ್ಷಯದ ಔಷಧಗಳನ್ನೂ ಪ್ರಬಲವಾದ ಹಲವು ಪ್ರತಿಜೀವಕಗಳನ್ನೂ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ, ಮಾರಿದುದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿದೆ. ಔಷಧಗಳಿಂದಾಗುವ ಕೆಡುಕನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. ವೈದ್ಯರಂತೆ ರೋಗಿಗಳೂ ಅದಕ್ಕೆ ವರದಿ ಮಾಡಬಹುದು. ಆದರೂ ನೆರೆಮನೆಯವರಿಗೆ ವಾಸಿಯಾಯಿತೆಂದು ಅವರ ಮಾತ್ರೆಯನ್ನೇ ನುಂಗುವುದು, ಉಳಿದ ಔಷಧವನ್ನು ಮುಂದಿನ ಜ್ವರಕ್ಕೆಂದು ಕಪಾಟಿನಲ್ಲಿಡುವುದು, ನಾಟಿಮದ್ದಿನಿಂದ ಕೇಡೇ ಇಲ್ಲವೆಂದು ನಂಬಿ ಅದನ್ನು ವೈದ್ಯರಿಗೆ ಹೇಳದಿರುವುದು ಓದುಬಲ್ಲ ಮನೆಗಳಲ್ಲಿಯೂ ಕಾಣುತ್ತದೆ. ಹೊರಹೊದಿಕೆಯ ಬರಹವಾದರೋ ಬಹುಮಟ್ಟಿಗೆ ಇಂಗ್ಲಿಷಿನ ಸಣ್ಣಕ್ಷರದಲ್ಲಿದೆ; ಕಂಪೌಂಡರನ ಕಚ್ಚುಪಟ್ಟಿಗಿದ್ದ ಸ್ಪಷ್ಟತೆ ಅದಕ್ಕಿಲ್ಲ.

ಇದೇನು, ಎಷ್ಟು ಹೊತ್ತು ಎಷ್ಟು ಸೇವಿಸಬೇಕು, ಸೇವಿಸಿದರೆ ಏನಾಗುವುದು ಎಂಬ ಮೂರು ಮಾತುಗಳನ್ನು ತಿಳಿಗನ್ನಡದಲ್ಲಿ ಹೇಳುವುದು ಔಷಧ ಕೊಡುವವನ ವೃತ್ತಿಧರ್ಮ. ಕೇಳದೆ ಅಂಗಡಿಯಿಂದ ಹೊರಡದಿರುವುದು ಕೊಳ್ಳುವವನ ಧರ್ಮ. ಕಕ್ಕಡದ 18ರಂದು ಪಾಯಸವನ್ನು ಬಡಿಸುವ ಅಜ್ಜಿಯು ಯಾವ ಶಾಸನವನ್ನೂ ಓದಿದವಳಲ್ಲ. ಆದರೂ ಬಟ್ಟಲನ್ನು ಮುಂದಿಡುವ ಮುನ್ನ ಮೊಮ್ಮಗುವಿಗೆ ನಾಳೆ ಏನು ಕಾಣುವುದೆಂದು ಹೇಳಿಯೇ ಕೊಡುತ್ತಾಳೆ. ಔಷಧದಂಗಡಿಯ ಕಟ್ಟೆಯಲ್ಲಿಯೂ ಆ ಮಾತು ಕೇಳಿಬರಬೇಕಾಗಿದೆ.