ರಹೀಂ ಸಾಹೇಬರ ತಂಡ ಮತ್ತು ರಾಯಚೂರಿನ ಮೈದಾನ

ಮೆಚ್ಚಿನ ಫುಟ್‌ಬಾಲ್ ತಂಡ ಸಾಲುಸಾಲಾಗಿ ಸೋಲತೊಡಗಿದರೆ ಅಭಿಮಾನಿಗಳ ಬಾಯಲ್ಲಿ ಎರಡೇ ಬೇಡಿಕೆ: ಕೋಚ್‌ನನ್ನು ಬದಲಿಸಿ, ಗೋಲು ಹೊಡೆಯುವವನೊಬ್ಬನನ್ನು ಎಲ್ಲಿಂದಾದರೂ ಕೊಂಡು ತನ್ನಿ. ಈ ಬೇಡಿಕೆ ಎಷ್ಟು ಸರಿ ಎಂದು ಪರೀಕ್ಷಿಸಲು ರಾಯಚೂರಿಗಿಂತ ಒಳ್ಳೆಯ ನೆಲೆ ಸಿಗಲಾರದು. ಇಲ್ಲಿಂದ ಹೈದರಾಬಾದ್ ಸುಮಾರು 200 ಕಿ.ಮೀ., ಬೆಂಗಳೂರು 400 ಕಿ.ಮೀ.ಗೂ ಹೆಚ್ಚು. ಒಂದು ಊರು 1956ರವರೆಗೆ ನಮಗೆ ರಾಜಧಾನಿಯಾಗಿತ್ತು, ಇನ್ನೊಂದು ಆಮೇಲೆ ಆಯಿತು. ದಕ್ಷಿಣ ಭಾರತದ ಫುಟ್‌ಬಾಲನ್ನು ಮೆರೆಸಿದ ಊರುಗಳಲ್ಲಿ ಇವೆರಡೂ ಮುಂಚೂಣಿಯವು, ಮತ್ತು ಎರಡೂ ಎತ್ತರಕ್ಕೆ ಏರಿ ಕುಸಿದವು. ಅವುಗಳ ಏಳುಬೀಳನ್ನು ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕುಸಿದ ತಂಡವನ್ನು ಮತ್ತೆ ನಿಲ್ಲಿಸುವ ಕೆಲಸ ಶುರುವಾಗಬೇಕಾದದ್ದು ಹುಡುಗರು ಆಡುವ ಮೈದಾನದಿಂದ, ವರ್ಷವಿಡೀ ನಡೆಯುವ ಸಣ್ಣ ಸಣ್ಣ ಪಂದ್ಯಗಳಿಂದ. ಆಟಗಾರರನ್ನು ಕೊಳ್ಳುವುದು ಅದಾದ ಮೇಲಿನ ಮಾತು.

ಮೊದಲು ಹೈದರಾಬಾದಿನ ಕಥೆ. ಬೀದರ್, ಗುಲಬರ್ಗಾದ ಜೊತೆ ರಾಯಚೂರೂ ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿದ್ದ ಕಾಲದಲ್ಲೇ ಅಲ್ಲಿನ ಸಿಟಿ ಪೊಲೀಸ್ ತಂಡ ದೇಶವನ್ನು ಬೆರಗುಗೊಳಿಸಿತು. ಬೊಂಬಾಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಅದು ಗೆದ್ದಿತು. ಹತ್ತು ವರ್ಷ ನಿಂತುಹೋಗಿ 1950ರಲ್ಲಿ ಮತ್ತೆ ಆರಂಭವಾದ ಡುರಾಂಡ್ ಕಪ್ಪೂ ಮೋಹನ್ ಬಾಗಾನನ್ನು ಸೋಲಿಸಿದ ಈ ಪೊಲೀಸರ ಪಾಲಾಯಿತು. ಈ ತಂಡವನ್ನು ತಿದ್ದಿದ ಸೈಯದ್ ಅಬ್ದುಲ್ ರಹೀಂ ವೃತ್ತಿಯಿಂದ ಶಾಲಾ ಮೇಷ್ಟ್ರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಅವರು. ಪಾಠ ಹೇಳುವ ಕ್ರಮವನ್ನೇ ಅವರು ಮೈದಾನಕ್ಕೆ ತಂದರು. ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ನಿಯಮದ ಟೂರ್ನಿಗಳನ್ನು ನಡೆಸಿದರು. ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮೆರೆಯುವ ಚಟ ಬಿಟ್ಟು ಹುಡುಗರು ಬೇಗ ಪಾಸ್ ಕೊಡುವುದನ್ನು ಕಲಿತರು. ದುರ್ಬಲ ಕಾಲಿನಿಂದ ಮಾತ್ರ ಆಡುವ ಪಂದ್ಯಗಳನ್ನು ಏರ್ಪಡಿಸಿದರು. ಬಲಗಾಲಿನವರಿಗೆ ಎಡಗಾಲೂ ಪಳಗಿತು. ಇದಕ್ಕೆಲ್ಲ ಬೇಕಾದದ್ದು ಮೈದಾನ, ಚೆಂಡು ಮತ್ತು ತಾಳ್ಮೆಯ ಮೇಷ್ಟ್ರು, ಅಷ್ಟೆ. ಈ ಪಾಠಶಾಲೆಯ ಫಲವೇ ಮುಂದೆ ಭಾರತ ತಂಡದಲ್ಲಿ ಕಂಡಿತು. ರಹೀಂ ತರಬೇತಿಯಲ್ಲಿ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿತು, 1962ರಲ್ಲಿ ಜಕಾರ್ತದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ ತಂದಿತು. ಹೈದರಾಬಾದಿನ ತುಳಸೀದಾಸ್ ಬಲರಾಮ್, ಯೂಸುಫ್ ಖಾನ್ ಆ ಚಿನ್ನದ ತಂಡದಲ್ಲಿದ್ದರು.

ಇದೆಲ್ಲ ಒಬ್ಬ ಮಹಾ ಪ್ರತಿಭಾವಂತನ ಕೆಲಸ, ಅಂಥವನು ಎಲ್ಲ ಊರಿಗೂ ಸಿಗುವುದಿಲ್ಲ, ಹಾಗಾಗಿ ಇದರಿಂದ ಪಾಠ ಕಲಿಯುವುದು ಏನೂ ಇಲ್ಲ ಎಂದು ಯಾರಾದರೂ ವಾದಿಸಬಹುದು. ರಹೀಂ 1963ರ ಜೂನ್‌ನಲ್ಲಿ ತೀರಿಕೊಂಡರು. ನಂತರದ ವರ್ಷಗಳಲ್ಲಿ ಹೈದರಾಬಾದಿನ ಆಟ ಇಳಿಮುಖವಾದದ್ದೂ ನಿಜ. ಆದರೆ ದಿನಾಂಕಗಳನ್ನು ಗಮನಿಸಿದರೆ ಈ ವಾದ ಪೂರ್ತಿ ನಿಲ್ಲುವುದಿಲ್ಲ. ಅವರು ಹೋಗಿ ಎರಡು ವರ್ಷ ಕಳೆದ ಮೇಲೂ, 1965–66ರಲ್ಲಿ, ಆಂಧ್ರಪ್ರದೇಶ ತಂಡ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅವರು ಬೆಳೆಸಿದ ಹುಡುಗರು ಆಡುವಷ್ಟು ದಿನ ಗೆಲುವು ಉಳಿಯಿತು. ಆ ಹುಡುಗರ ಹಿಂದೆ ಇನ್ನೊಂದು ಸಾಲು ತಯಾರಾಗದೆ ಇದ್ದಾಗ ಅದು ಹೋಯಿತು. ಬಲರಾಮ್‌ರಂಥವರನ್ನು ಕೋಲ್ಕತ್ತದ ಈಸ್ಟ್ ಬೆಂಗಾಲ್ ಮೊದಲೇ ಕರೆಸಿಕೊಂಡಿತ್ತು. ಹೈದರಾಬಾದಿನ ಫತೇ ಮೈದಾನ 1967ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಕ್ರೀಡಾಂಗಣವಾಗಿ ಕ್ರಿಕೆಟ್ಟಿನ ಮನೆಯೆಂದೇ ಹೆಸರಾಯಿತು. ಮೇಷ್ಟ್ರು ಸತ್ತದ್ದಕ್ಕಿಂತ ಶಾಲೆ ಮುಚ್ಚಿದ್ದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಬೆಂಗಳೂರಿನ ದಾರಿ ಬೇರೆ, ಸೇರಿದ್ದು ಮಾತ್ರ ಅದೇ ಜಾಗಕ್ಕೆ. ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಕ್ಲಬ್. ಮರುವರ್ಷವೂ ಅದೇ ಗೆದ್ದಿತು. ಮೈಸೂರು ರಾಜ್ಯ 1946ರಲ್ಲಿ, 1952ರಲ್ಲಿ, ಮತ್ತೆ 1967–68, 1968–69ರಲ್ಲಿ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ತಂದಿತು. ದಂಡುಪ್ರದೇಶದ ಆಸ್ಟಿನ್ ಟೌನ್, ಗೌತಮಪುರ, ಹಲಸೂರಿನ ಗಲ್ಲಿಗಳಲ್ಲಿ ಹುಡುಗರು ಬರಿಗಾಲಲ್ಲಿ ಆಡಿ ಬೆಳೆದರೆ, ಅವರನ್ನು ಕರೆದು ನೌಕರಿ ಕೊಡಲು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಿದ್ದವು. 1977ರಲ್ಲಿ ಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು ಸೋಲಿಸಿದ್ದು ದೂರವಾಣಿ ಯಂತ್ರ ತಯಾರಿಸುವ ಐಟಿಐ ನೌಕರರ ತಂಡ. ಆಟಗಾರನಿಗೆ ತಿಂಗಳ ಸಂಬಳ, ಕೆಲಸದ ಭದ್ರತೆ, ಸಂಜೆ ಅಭ್ಯಾಸ ಮಾಡಲು ಬಿಡುವು ಸಿಗುತ್ತಿದ್ದ ವ್ಯವಸ್ಥೆ ಅದು. ಆ ಕಾರ್ಖಾನೆಗಳ ಕಾಲ ಇಳಿದಂತೆ ಅವುಗಳ ತಂಡಗಳೂ ಇಳಿದವು. 1969ರ ನಂತರ ರಾಜ್ಯಕ್ಕೆ ಸಂತೋಷ್ ಟ್ರೋಫಿ ಮತ್ತೆ ಬಂದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಐವತ್ತನಾಲ್ಕು ವರ್ಷ ಎಂದರೆ ಎರಡು ತಲೆಮಾರಿನ ಆಟಗಾರರು ಬರಿಗೈಯಲ್ಲಿ ನಿವೃತ್ತರಾದರು ಎಂದರ್ಥ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಗಲ್ಲಿಯ ಬೇರೂ ಇರಲಿಲ್ಲ, ಕಾರ್ಖಾನೆಯ ನೌಕರಿಯೂ ಇರಲಿಲ್ಲ. ಜೆಎಸ್‌ಡಬ್ಲ್ಯು ಹಣ ಹಾಕಿತು, ಸುನಿಲ್ ಚೆಟ್ರಿ ಬಂದರು, ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಹಾಗಾದರೆ ಕೊಂಡು ಕಟ್ಟಿದ ತಂಡವೂ ಗೆಲ್ಲುತ್ತದಲ್ಲ? ಗೆಲ್ಲುತ್ತದೆ, ಅದನ್ನು ಒಪ್ಪಲೇಬೇಕು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋದ ಮೊದಲ ಭಾರತೀಯ ಕ್ಲಬ್ ಅದು. 2018–19ರಲ್ಲಿ ಐಎಸ್‌ಎಲ್ ಕಿರೀಟವೂ ಬಂದಿತು. ಪ್ರಶ್ನೆ ಇರುವುದು ಆ ತಂಡಕ್ಕೆ ವಯಸ್ಸಾದ ಮೇಲೆ ಏನಾಯಿತು ಎಂಬುದರಲ್ಲಿ. 2023–24ರಲ್ಲಿ ಅದು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಯಿತು, ನಡುವೆಯೇ ಕೋಚ್ ಬದಲಾದರು. ಮರುವರ್ಷ ಮೂರನೆಯ ಸ್ಥಾನಕ್ಕೆ ಏರಿ, ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ ಸೋತಿತು. ಈ ಚೇತರಿಕೆಯಲ್ಲಿ ನಲವತ್ತರ ಚೆಟ್ರಿ ಹೊಡೆದ 14 ಗೋಲುಗಳ ಪಾಲು ದೊಡ್ಡದು. ಆದರೆ ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಒಂದೇ ಒಂದು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದ್ದು ಕ್ಲಬ್ಬಿನ ಕಿರಿಯರ ತಂಡದಲ್ಲೇ ಬೆಳೆದ ಹತ್ತೊಂಬತ್ತರ ವಿನೀತ್ ವೆಂಕಟೇಶ್. ಅಂಥ ಹುಡುಗರು ಹಿಂದೆ ಇದ್ದುದರಿಂದಲೇ ಬೀಳು ಒಂದು ವರ್ಷಕ್ಕೆ ಮುಗಿಯಿತು.

ಹೈದರಾಬಾದ್ ಎಫ್‌ಸಿಯದು ಇದರ ಎದುರು ಪುಟ. 2019ರಲ್ಲಿ ಪುಣೆಯ ಕ್ಲಬ್ಬಿನ ಜಾಗಕ್ಕೆ ಬಂದ ಈ ತಂಡ ಮೊದಲ ವರ್ಷ ಕಟ್ಟಕಡೆಗೆ ನಿಂತು, 2022ರ ಮಾರ್ಚ್ 20ರಂದು ಕೇರಳ ಬ್ಲಾಸ್ಟರ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿ ಐಎಸ್‌ಎಲ್ ಚಾಂಪಿಯನ್ ಆಯಿತು. ಎಳೆಯ ಭಾರತೀಯರನ್ನು ನಂಬಿದ ಮಾನೊಲೊ ಮಾರ್ಕೆಸ್ ಅವರ ಕಟ್ಟುವಿಕೆ ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಸಂಬಳ ಬಾಕಿ ಬಿದ್ದಿತು, ಹೊಸಬರನ್ನು ಸೇರಿಸಿಕೊಳ್ಳದಂತೆ ಫಿಫಾ ನಿಷೇಧ ಬಂತು, ಆಟಗಾರರು ಚದುರಿದರು. 2023–24ರಲ್ಲಿ ಇಡೀ ಲೀಗ್‌ನಲ್ಲಿ ಒಂದೇ ಗೆಲುವು. 2025ರಲ್ಲಿ ಕ್ಲಬ್ಬೇ ದೆಹಲಿಗೆ ಸ್ಥಳಾಂತರವಾಯಿತು. ಊರಿನ ಆಟದೊಂದಿಗೆ ಗಂಟು ಬೀಳದ ಕ್ಲಬ್ಬನ್ನು ಮಾಲೀಕ ಯಾವಾಗ ಬೇಕಾದರೂ ಎತ್ತಿಕೊಂಡು ಹೋಗಬಹುದು. ರಹೀಂ ಅವರ ಊರಿಗೆ ಇಂಥ ಗತಿ ಬಂದದ್ದು ದುಃಖದ ಸಂಗತಿ, ಮತ್ತು ರಾಯಚೂರಿನ ಅಭಿಮಾನಿಗೆ ಹತ್ತಿರದ ಐಎಸ್‌ಎಲ್ ತಂಡವೇ ಇಲ್ಲವಾಯಿತು.

ಈ ಎರಡೂ ಊರಿನ ವೈಭವದ ದಿನಗಳಲ್ಲೂ ಒಂದು ಕೊರತೆ ಇತ್ತು, ಅದನ್ನು ಹೇಳದೆ ಬಿಡುವಂತಿಲ್ಲ. ಎರಡೂ ಊರುಗಳ ಆಟ ಊರಿನ ಗಡಿ ದಾಟಲಿಲ್ಲ. ಹೈದರಾಬಾದ್ ತಂಡ ಸಂತೋಷ್ ಟ್ರೋಫಿ ಗೆದ್ದ 1956–57ರ ಋತುವಿನಲ್ಲೇ, ನವೆಂಬರ್ 1ರಂದು, ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಬಂದ ಮೇಲೂ ರಾಜ್ಯದ ಪ್ರಮುಖ ಲೀಗ್ ಬೆಂಗಳೂರಿನ ಕ್ಲಬ್‌ಗಳದ್ದಾಗಿಯೇ ಉಳಿಯಿತು. ರಾಯಚೂರು ಜಿಲ್ಲೆಯ ದೇವದುರ್ಗದ, ಮಾನ್ವಿಯ ಹುಡುಗನಿಗೆ ಇರುವುದು ಶಾಲಾ ಕ್ರೀಡಾಕೂಟದ ನಾಕೌಟ್ ಮಾತ್ರ. ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲಿ ಸೋತರೆ ಅವನ ವರ್ಷದ ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಅಷ್ಟು ಆಡಿದ ಹುಡುಗನಲ್ಲಿ ಏನಿದೆ ಎಂದು ಯಾವ ಕೋಚ್ ತಾನೇ ಹೇಳಬಲ್ಲ?

ಹೊಟ್ಟೆಪಾಡಿನ ಊರುಗಳಲ್ಲಿ ಚೆಂಡಿನ ಮಾತು ಬೇಕೆ ಎಂಬುದು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ಭಾರವಾದದ್ದೂ ಹೌದು. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ, ಮಾನ್ವಿ ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ದೇವದುರ್ಗದಿಂದ ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ವರ್ಷದ ನಡುವೆಯೇ ಶಾಲೆ ಬಿಡುತ್ತಾರೆ. ಬೇಸಿಗೆಯ ಬಿಸಿಲು 42 ಡಿಗ್ರಿ ಮೀರುತ್ತದೆ. ಇದ್ಯಾವುದನ್ನೂ ಅಲ್ಲಗಳೆಯಲಾಗದು. ಆದರೆ ಬಡತನ ಫುಟ್‌ಬಾಲಿಗೆ ಅಡ್ಡಿ ಎಂದು ಆಸ್ಟಿನ್ ಟೌನ್ ಹೇಳುವುದಿಲ್ಲ, ಹೈದರಾಬಾದಿನ ಪೊಲೀಸ್ ಪೇದೆಗಳೂ ಹೇಳುವುದಿಲ್ಲ. ಬಿಸಿಲಿನ ಮಾತಿಗೆ ಬಂದರೆ ನವೆಂಬರಿನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳ ಸಂಜೆಗಳು ಒಂದು ಲೀಗಿಗೆ ಸಾಕು. ಹಣವಿಲ್ಲ ಎನ್ನುವಂತೆಯೂ ಇಲ್ಲ: 371(ಜೆ) ವಿಧಿಯ ಬಲದಿಂದ ಬಂದ ಮಂಡಳಿಗೆ, ಈಗಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, 2023–24ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಒಂದು ಲೀಗ್ ನಡೆಸಲು ಅದರಲ್ಲಿ ಲೆಕ್ಕಕ್ಕೆ ಬಾರದಷ್ಟು ಹಣ ಸಾಕು.

ಮಾಡಬೇಕಾದದ್ದು ಇಷ್ಟು. ರಾಯಚೂರು, ದೇವದುರ್ಗ, ಮಾನ್ವಿಯ ಒಂದೊಂದು ಮೈದಾನವನ್ನು ಸಭೆ ಸಮಾರಂಭಗಳಿಗೆ ಕೊಡದೆ ಫುಟ್‌ಬಾಲಿಗೆ ಮೀಸಲಿಡಬೇಕು. ಸೋತ ತಂಡವೂ ಮುಂದಿನ ವಾರ ಮತ್ತೆ ಆಡುವಂತೆ ಶಾಲೆಗಳ ನಡುವೆ ಲೀಗ್ ನಡೆಸಬೇಕು. ದೈಹಿಕ ಶಿಕ್ಷಕರಿಗೆ ಕೋಚಿಂಗ್ ತರಬೇತಿ ಕೊಡಿಸಬೇಕು; ರಹೀಂ ಮೇಷ್ಟ್ರೇ ಆಗಿದ್ದರು ಎಂಬುದನ್ನು ಇಲಾಖೆ ಮರೆಯಬಾರದು. ಬೆಂಗಳೂರು ಎಫ್‌ಸಿಯ ಮಾಲೀಕರು ಕಟ್ಟಿದ ಕ್ರೀಡಾ ಸಂಸ್ಥೆ ನೆರೆಯ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲೇ ಇದೆ. ಅಲ್ಲಿನವರು ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಹುಡುಗರ ಆಟ ನೋಡಲಿ. ತಂಡ ಸೋತಾಗ ಹೊಸ ಸ್ಟ್ರೈಕರ್ ಬೇಕೆಂದು ಕೂಗುವ ಅಭಿಮಾನಿಗಳು ಅಷ್ಟೇ ಜೋರಾಗಿ ಜಿಲ್ಲಾ ಲೀಗ್ ಬೇಕೆಂದು ಕೇಳಲಿ.