ಗ್ರಂಥಭಂಡಾರಗಳಲ್ಲಿ ಸ್ವಯಂಚಾಲಕ ಅಡಕಮುದ್ರಿಕೆಗಳು: ಒಂದು ಚಾರಿತ್ರಿಕ ವಿವೇಚನೆ

ತಾಳೆಯೋಲೆಯ ಪ್ರತಿಯೊಂದನ್ನು ಓದಲು ಬೇಕಾದುವು ಮೂರೇ: ಬೆಳಕು, ಕಣ್ಣು ಮತ್ತು ಲಿಪಿಜ್ಞಾನ. ಗಣಕಯಂತ್ರದಲ್ಲಿ ದಾಖಲಾದ ಪ್ರತಿಯ ಸ್ಥಿತಿ ಹೀಗಲ್ಲ. ಅದನ್ನು ಓದಬೇಕಾದರೆ ಯಂತ್ರ ಬೇಕು; ಯಂತ್ರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಬೇಕು; ಕಡತವನ್ನು ತೆರೆಯುವ ತಂತ್ರಾಂಶ ಬೇಕು; ಕನ್ನಡ ಪಠ್ಯವಾದರೆ ಅದಕ್ಕೊಪ್ಪುವ ಅಕ್ಷರಮಾಲೆಯೂ ಬೇಕು. ಇವುಗಳಲ್ಲಿ ಒಂದು ಲೋಪವಾದರೂ ಗ್ರಂಥವು ಇದ್ದೂ ಇಲ್ಲದಂತಾಗುವುದು. ಓದಿಗೆ ಬೇಕಾದ ಈ ಸಮಸ್ತ ಸಾಮಗ್ರಿಯನ್ನೂ ಒಂದೇ ತಟ್ಟೆಯಲ್ಲಿ ಅಡಕಗೊಳಿಸಿ, ಯಾವ ಯಂತ್ರದಲ್ಲಿಟ್ಟರೂ ಅದು ತಾನೇ ನಡೆಯುವಂತೆ ಮಾಡಿದ ಪ್ರಯತ್ನವೇ ಸ್ವಯಂಚಾಲಕ ಅಡಕಮುದ್ರಿಕೆ. ಬಳಕೆಯ ಮಾತಿನಲ್ಲಿ ಇದಕ್ಕೆ ಲೈವ್ ಸಿ.ಡಿ. ಎಂದು ಹೆಸರು. ಗ್ರಂಥಭಂಡಾರಗಳ ಚರಿತ್ರೆಯಲ್ಲಿ ಇದರ ಕಾಲ ದೀರ್ಘವಾದುದಲ್ಲ. ಹೆಚ್ಚೆಂದರೆ ಹನ್ನೆರಡು ಹದಿಮೂರು ವರ್ಷಗಳದು. ಆದರೂ ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಇಂತಹ ತಟ್ಟೆಗಳಲ್ಲಿಯೇ ಸಂಗ್ರಹಿಸಿಟ್ಟಿರುವ ಭಂಡಾರಗಳಿಗೆ ಇದರ ವೃತ್ತಾಂತವು ಅಪ್ರಸ್ತುತವೆನಿಸಲಾರದು.

ಮೊದಲು ಇದರ ಸ್ವರೂಪವನ್ನು ತಿಳಿಯುವುದು ಅವಶ್ಯ. ಸಾಮಾನ್ಯವಾದ ಗಣಕಯಂತ್ರವು ತನ್ನೊಳಗಿನ ಹಾರ್ಡ್ ಡಿಸ್ಕಿನಲ್ಲಿ ನೆಲೆಗೊಳಿಸಿದ ವ್ಯವಸ್ಥೆಯಿಂದ ಎಚ್ಚರಗೊಳ್ಳುತ್ತದೆ. ಅಡಕಮುದ್ರಿಕೆಯಿಂದಲೇ ಯಂತ್ರವನ್ನು ಎಚ್ಚರಿಸುವ ಒಂದು ಸಾಮಾನ್ಯ ಕ್ರಮವನ್ನು ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು ಕೂಡಿ ೧೯೯೫ರಲ್ಲಿ ರೂಪಿಸಿದುವು. ಎಲ್ ಟೊರಿಟೊ ಎಂಬುದು ಅದರ ಹೆಸರು. ತಟ್ಟೆಯಲ್ಲಿರುವ ಒಂದು ಕಡತವನ್ನೇ ಫ್ಲಾಪಿಯೆಂಬಂತೆ ಯಂತ್ರಕ್ಕೆ ತೋರಿಸುವುದು ಅದರ ಒಂದು ಮುಖ್ಯ ಯುಕ್ತಿ. ಹೀಗೆ ಎಚ್ಚರಗೊಂಡ ವ್ಯವಸ್ಥೆಯು ಹಾರ್ಡ್ ಡಿಸ್ಕನ್ನು ಮುಟ್ಟದೆ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿಯೇ ನೆಲೆಸಿ ಕೆಲಸ ಮಾಡುತ್ತದೆ. ವಿದ್ಯುತ್ತು ನಿಂತೊಡನೆ ಆ ಸ್ಮೃತಿಯು ಅಳಿಯುತ್ತದೆ. ತಟ್ಟೆಯೋ ಓದಲು ಮಾತ್ರ ಬರುವಂತಹುದು. ಅದರ ಮೇಲೆ ಬರೆಯಲು ಬಾರದು. ಆದುದರಿಂದ ಬಳಸಿದವನ ಗುರುತು ಯಂತ್ರದಲ್ಲಿಯೂ ಉಳಿಯದು, ತಟ್ಟೆಯಲ್ಲಿಯೂ ಉಳಿಯದು. ಇದರ ಗುಣಗಳೂ ದೋಷಗಳೂ ಈ ಒಂದು ಲಕ್ಷಣದಿಂದಲೇ ಹುಟ್ಟಿದುವು.

ಇಂತಹ ತಟ್ಟೆಯು ಮುಕ್ತ ತಂತ್ರಾಂಶದ ನೆಲದಲ್ಲಿಯೇ ಹುಲುಸಾಗಿ ಬೆಳೆದುದಕ್ಕೆ ಕಾರಣವಿದೆ. ಮಾರಾಟದ ತಂತ್ರಾಂಶವನ್ನು ಕೊಂಡವನು ಅದನ್ನು ಪ್ರತಿಮಾಡಿ ಹಂಚುವಂತಿಲ್ಲ. ರಿಚರ್ಡ್ ಸ್ಟಾಲ್‌ಮನ್ನನು ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಈ ನಿರ್ಬಂಧಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿಯಿತು. ಅದರ ಸಾರ್ವಜನಿಕ ಪರವಾನಗಿಯ ಮೊದಲ ಆವೃತ್ತಿ ೧೯೮೯ರಲ್ಲಿಯೂ ಎರಡನೆಯದು ೧೯೯೧ರಲ್ಲಿಯೂ ಹೊರಬಂದುವು. ಯಾರು ಬೇಕಾದರೂ ಪ್ರತಿಮಾಡಬಹುದು, ತಿದ್ದಬಹುದು, ಹಂಚಬಹುದು; ಆದರೆ ಹಂಚುವವನು ಮೂಲಸಂಕೇತವನ್ನೂ ದೊರಕಿಸಿಕೊಡಬೇಕು ಎಂಬುದು ಅದರ ತಿರುಳು. ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸನು ೧೯೯೧ರಲ್ಲಿ ಪ್ರಕಟಿಸಿದ ಲಿನಕ್ಸ್ ಎಂಬ ಗರ್ಭತಂತ್ರಾಂಶವು ಮರುವರ್ಷವೇ ಈ ಪರವಾನಗಿಗೆ ಒಳಪಟ್ಟಿತು. ತಟ್ಟೆತಟ್ಟೆಗೂ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ತುಂಬಿ ಊರೂರಿಗೆ ಕಳುಹಿಸಲು ಧರ್ಮತಃ ಅವಕಾಶವಾದುದು ಇದರಿಂದಲೇ.

ಮೊದಲ ಸ್ವಯಂಚಾಲಕ ತಟ್ಟೆ ಯಾವುದು ಎಂಬ ಬಗೆಗೆ ಒಂದು ತಪ್ಪು ಭಾವನೆ ಪ್ರಚಾರದಲ್ಲಿದೆ. ಜರ್ಮನಿಯ ಕ್ಲೌಸ್ ಕ್ನಾಪರ್ ೨೦೦೦ದಲ್ಲಿ ಹೊರತಂದ ಕ್ನಾಪಿಕ್ಸ್ ಎಂಬುದನ್ನೇ ಅನೇಕರು ಆದಿಯೆಂದು ಹೇಳುವುದುಂಟು. ಆದರೆ ಅದಕ್ಕೂ ಹಿಂದೆ ಅಮೆರಿಕದ ಇಗ್ಡ್ರಾಸಿಲ್ ಎಂಬ ಸಂಸ್ಥೆಯು ೧೯೯೨-೯೩ರಲ್ಲಿಯೇ ಅಡಕಮುದ್ರಿಕೆಯಿಂದ ನೇರವಾಗಿ ನಡೆಯಬಲ್ಲ ಲಿನಕ್ಸನ್ನು ಸಿದ್ಧಪಡಿಸಿತ್ತು. ಎಲ್ ಟೊರಿಟೊ ಕ್ರಮವು ಇನ್ನೂ ಹುಟ್ಟಿರದ ಕಾರಣ ಯಂತ್ರವನ್ನು ಎಚ್ಚರಿಸಲು ಅದಕ್ಕೆ ಬೇರೊಂದು ಫ್ಲಾಪಿಯ ನೆರವು ಬೇಕಾಗಿತ್ತು. ತರುವಾಯ ರೊಬೆರ್ಟೊ ಡಿ ಕಾಸ್ಮೊ ಮತ್ತು ಸಂಗಡಿಗರು ೧೯೯೮ರ ವೇಳೆಗೆ ಫ್ರಾನ್ಸಿನಲ್ಲಿ ಡೆಮೊಲಿನಕ್ಸನ್ನು ರಚಿಸಿದರು. ಲಿನಕ್ಸ್‌ಕೇರ್ ಎಂಬ ಸಂಸ್ಥೆಗಾಗಿ ರಸ್ಟಿ ರಸ್ಸೆಲ್ ಬರೆದಿದ್ದ ಸಂಕೋಚನ ತಂತ್ರವನ್ನೇ ಕ್ನಾಪರ್ ಎತ್ತಿಕೊಂಡು ಬೆಳೆಸಿದುದು. ಈ ತಂತ್ರದ ಬಲದಿಂದ ೭೦೦ ಮೆಗಾಬೈಟುಗಳ ತಟ್ಟೆಯೊಳಗೆ ಸುಮಾರು ೨ ಗಿಗಾಬೈಟುಗಳಷ್ಟು ಸಾಮಗ್ರಿ ಹಿಡಿಯಿತು. ಎದುರಾದ ಯಂತ್ರದ ಅಂಗಾಂಗಗಳನ್ನು ತಾನೇ ಗುರುತಿಸಿ ಹೊಂದಿಕೊಳ್ಳುವ ಶಕ್ತಿಯೂ ಅದಕ್ಕೆ ಬಂದಿತು. ಹೀಗೆ ನೋಡಿದರೆ ಕ್ನಾಪಿಕ್ಸ್ ಆದಿಕೃತಿಯಲ್ಲ. ಹಿಂದಿನ ಪರಂಪರೆಯನ್ನು ಜೀರ್ಣಿಸಿಕೊಂಡು ಅದಕ್ಕೆ ಪ್ರತಿಷ್ಠೆಯನ್ನು ತಂದುಕೊಟ್ಟ ಕೃತಿ. ಸಾಹಿತ್ಯಚರಿತ್ರೆಯಲ್ಲಿ ಇಂತಹ ಉದಾಹರಣೆಗಳು ವಿದ್ವಾಂಸರಿಗೆ ಹೊಸವಲ್ಲ.

ಗ್ರಂಥಭಂಡಾರಗಳು ಈ ತಟ್ಟೆಯನ್ನು ಬರಮಾಡಿಕೊಂಡುದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಸಾರ್ವಜನಿಕ ಯಂತ್ರದ ನೈರ್ಮಲ್ಯ. ದಿನಕ್ಕೆ ಹತ್ತಾರು ಮಂದಿ ಬಳಸುವ ಯಂತ್ರವು ಬಹುಬೇಗ ಕೆಡುತ್ತದೆ. ಒಬ್ಬರು ಬಿಟ್ಟುಹೋದ ಕಡತವೋ ವೈರಸ್ಸೋ ಮತ್ತೊಬ್ಬರನ್ನು ಬಾಧಿಸುತ್ತದೆ. ತಟ್ಟೆಯಿಂದ ನಡೆಯುವ ಯಂತ್ರವಾದರೋ ಪ್ರತಿಸಲ ಮುಚ್ಚಿ ತೆರೆದಾಗಲೂ ಮೊದಲಿನ ಶುದ್ಧಸ್ಥಿತಿಗೆ ಮರಳುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟ ಹಳೆಯ ಯಂತ್ರವೂ ಇದರಿಂದ ಕೆಲಸಕ್ಕೆ ಒದಗುತ್ತಿತ್ತು.

ಎರಡನೆಯದು ಓದುಗನ ಗೌಪ್ಯ. ಓದುಗನು ಏನನ್ನು ಓದಿದನೆಂಬುದನ್ನು ಪರರಿಗೆ ತಿಳಿಸಬಾರದೆಂಬ ನಿಯಮವನ್ನು ಅಮೆರಿಕದ ಗ್ರಂಥಾಲಯ ಸಂಘವು ೧೯೩೯ರಷ್ಟು ಹಿಂದೆಯೇ ತನ್ನ ನೀತಿಸಂಹಿತೆಯಲ್ಲಿ ಸೇರಿಸಿತ್ತು. ೨೦೦೧ರ ಪೇಟ್ರಿಯಟ್ ಶಾಸನದ ೨೧೫ನೆಯ ವಿಧಿಯು ಗ್ರಂಥಾಲಯದ ದಾಖಲೆಗಳನ್ನೂ ಸರಕಾರವು ಗುಪ್ತವಾಗಿ ಪಡೆಯಲು ಎಡೆಗೊಟ್ಟಾಗ ಅಲ್ಲಿನ ಗ್ರಂಥಪಾಲಕರು ಬಲವಾಗಿ ವಿರೋಧಿಸಿದರು. ಆ ವಿಧಿಯು ೨೦೨೦ರಲ್ಲಿ ಊರ್ಜಿತ ಕಳೆದುಕೊಂಡಿತು. ಇಲ್ಲದ ದಾಖಲೆಯನ್ನು ಯಾರೂ ವಶಪಡಿಸಿಕೊಳ್ಳಲಾರರು ಎಂಬ ಸರಳ ತತ್ತ್ವವು ಇಂತಹ ಸಂದರ್ಭದಲ್ಲಿ ಬೆಲೆಯುಳ್ಳದ್ದಾಯಿತು. ೨೦೦೯ರಲ್ಲಿ ಆರಂಭವಾದ ಟೇಲ್ಸ್ ಎಂಬ ವ್ಯವಸ್ಥೆಯು ಗೌಪ್ಯವನ್ನೇ ಪರಮಪ್ರಯೋಜನವಾಗಿ ಇರಿಸಿಕೊಂಡು ಹುಟ್ಟಿದುದು. ಆದರೆ ಯಂತ್ರದೊಳಗೆ ಗುರುತು ಉಳಿಯದೆಂದ ಮಾತ್ರಕ್ಕೆ ಜಾಲದ ಮೇಲೆಯೂ ಉಳಿಯದೆಂದು ಭಾವಿಸಲಾಗದು. ಸಾಮಾನ್ಯ ಅಡಕಮುದ್ರಿಕೆಯು ಈ ಎರಡನೆಯ ರಕ್ಷಣೆಯನ್ನು ಎಂದೂ ಕೊಡಲಿಲ್ಲ.

ಮೂರನೆಯದು ಪರೀಕ್ಷೆಯ ಸೌಕರ್ಯ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿಗಾಗಿ ಕಟಿಪೊ ಎಂಬ ಸಂಸ್ಥೆಯು ೧೯೯೯ರಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶವನ್ನು ರಚಿಸಿತು. ೨೦೦೦ದ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ಅಲ್ಲಿಯ ಹಳೆಯ ತಂತ್ರಾಂಶವು ೨೦೦೦ನೆಯ ಇಸವಿಯ ದಿನಾಂಕವನ್ನು ನಿರ್ವಹಿಸಲಾರದಾದುದೇ ಇದರ ಹುಟ್ಟಿಗೆ ನಿಮಿತ್ತ. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ಈ ತಂತ್ರಾಂಶವು ಹೆಸರಿಗೆ ತಕ್ಕಂತೆ ಲೋಕಕ್ಕೆಲ್ಲ ದೊರೆಯಿತು. ಆದರೆ ಇದನ್ನು ಯಂತ್ರದಲ್ಲಿ ನೆಲೆಗೊಳಿಸುವುದು ಮೊದಮೊದಲು ಪ್ರಯಾಸದ ಕೆಲಸವಾಗಿತ್ತು. ಕೋಹಾವನ್ನು ಮೊದಲೇ ಅಣಿಗೊಳಿಸಿ ತುಂಬಿದ ತಟ್ಟೆಗಳು ಈ ತೊಡಕನ್ನು ನಿವಾರಿಸಿದುವು. ಭಾರತದ ಗ್ರಂಥಪಾಲಕರ ನಡುವೆಯೂ ಇಂತಹ ತಟ್ಟೆಗಳು ಹರಿದಾಡಿದುವು. ಇದ್ದ ವ್ಯವಸ್ಥೆಯನ್ನು ಕದಲಿಸದೆ, ಹಣ ತೆರದೆ, ಹೊಸ ಸೂಚೀಕರಣ ಕ್ರಮವನ್ನು ಪರೀಕ್ಷಿಸಿ ನೋಡುವ ಅವಕಾಶ ಸಣ್ಣ ಭಂಡಾರಕ್ಕೂ ಸಿಕ್ಕಿತು.

ಇವುಗಳಿಗೆ ಸೇರಿದಂತೆ ವಿತರಣೆಯ ಸಂಗತಿಯನ್ನು ಹೇಳಬೇಕು. ಉಬುಂಟು ಎಂಬ ವ್ಯವಸ್ಥೆಯ ಮೊದಲ ಆವೃತ್ತಿ ೨೦೦೪ರ ಅಕ್ಟೋಬರಿನಲ್ಲಿ ಹೊರಬಂದಿತು. ಕೇಳಿದವರಿಗೆ ಅಂಚೆವೆಚ್ಚವನ್ನೂ ಪಡೆಯದೆ ತಟ್ಟೆಗಳನ್ನು ಕಳುಹಿಸುವ ಅದರ ಯೋಜನೆಯು ೨೦೧೧ರವರೆಗೆ ನಡೆಯಿತು. ಕನ್ನಡನಾಡಿನ ವಿದ್ವಾಂಸರಿಗೆ ಇಲ್ಲಿ ಶಾಸ್ತ್ರದಾನದ ನೆನಪಾಗುವುದು ಸಹಜ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಸುಪ್ರಸಿದ್ಧ. ಆದರೆ ಹೋಲಿಕೆಯನ್ನು ಎಲ್ಲೆ ಮೀರಿ ಎಳೆಯಬಾರದು. ಓಲೆಯ ಪ್ರತಿಯನ್ನು ಪಡೆದವನು ಅದನ್ನು ಮತ್ತೆ ಪ್ರತಿಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ; ಲಿಪಿ ಬಲ್ಲವನಿಗೆ ಗ್ರಂಥದಲ್ಲಿ ಮುಚ್ಚಿಟ್ಟುದೇನೂ ಇರಲಿಲ್ಲ. ತಂತ್ರಾಂಶವಾದರೋ ಯಂತ್ರಭಾಷೆಯಲ್ಲಿ ಮಾತ್ರ ದೊರೆತರೆ ಅಜ್ಞಾತಲಿಪಿಯ ಶಾಸನದಂತೆ: ಪ್ರತಿಮಾಡಬಹುದು, ಅರ್ಥಮಾಡಿಕೊಂಡು ತಿದ್ದಲಾಗದು. ಮೂಲಸಂಕೇತವನ್ನೂ ಕೊಡಬೇಕೆಂಬ ಪರವಾನಗಿಯ ನಿಬಂಧನೆಯು ಓಲೆಯ ಗ್ರಂಥಕ್ಕೆ ಸಹಜವಾಗಿದ್ದ ಗುಣವನ್ನೇ ತಂತ್ರಾಂಶಕ್ಕೆ ಶಾಸನದ ಬಲದಿಂದ ತಂದುಕೊಟ್ಟಿತೆನ್ನಬೇಕು.

ಇನ್ನು ದೋಷಗಳ ವಿಚಾರ. ತಟ್ಟೆಯ ಪಾಠವು ಸ್ಥಿರವಾದುದರಿಂದ ಅದರಲ್ಲಿ ಉಳಿದ ದೋಷವೂ ಸ್ಥಿರವಾದುದೇ. ಜಾಲಕ್ಕೆ ಸೇರಿದ ಯಂತ್ರದ ತಂತ್ರಾಂಶವನ್ನು ಆಗಾಗ ತಿದ್ದುತ್ತಿರಬೇಕು. ಒತ್ತಿ ಮುಗಿದ ತಟ್ಟೆಗೆ ಈ ತಿದ್ದುಪಡಿ ತಲಪದು. ವರ್ಷ ಕಳೆದ ತಟ್ಟೆಯನ್ನು ಜಾಲದೊಡನೆ ಬಳಸುವುದು ಅಪಾಯಕ್ಕೆ ಬಾಗಿಲು ತೆರೆದಂತೆಯೇ ಸರಿ. ತಟ್ಟೆಯಿಂದ ಓದುವ ವೇಗವೂ ಕಡಮೆ. ಬಳಕೆದಾರನು ಬೇರೆ ಕಡೆ ಉಳಿಸಿಕೊಳ್ಳದಿದ್ದರೆ ಅವನು ಬರೆದುದೆಲ್ಲ ಯಂತ್ರ ಮುಚ್ಚಿದೊಡನೆ ಇಲ್ಲವಾಗುತ್ತಿತ್ತು. ಪರೀಕ್ಷೆಗೆಂದು ಕೊಟ್ಟ ಕೋಹಾದ ತಟ್ಟೆಯಲ್ಲಿ ನಿಜವಾದ ಗ್ರಂಥಸೂಚಿಯನ್ನು ಸಿದ್ಧಪಡಿಸುವುದು ಮರಳಿನ ಮೇಲೆ ಬರೆದಂತೆ. ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕಂಡ ಎಸ್. ಆರ್. ರಂಗನಾಥನ್ನರ ೧೯೩೧ರ ಸೂತ್ರಗಳ ದೃಷ್ಟಿಯಿಂದ ನೋಡಿದರೆ, ಬೆಳವಣಿಗೆಗೆ ಎಡೆಯಿಲ್ಲದ ಈ ತಟ್ಟೆಯು ಪರೀಕ್ಷೆಗೂ ಓದಿಗೂ ತಕ್ಕುದೇ ಹೊರತು ಭಂಡಾರದ ನಿತ್ಯವ್ಯವಹಾರಕ್ಕೆ ತಕ್ಕುದಲ್ಲ.

ಇದರ ಅವಸಾನವು ಈ ದೋಷಗಳಿಂದ ಮಾತ್ರ ಆದುದಲ್ಲ. ಆಧಾರವಸ್ತುವೇ ಬಳಕೆ ತಪ್ಪಿದುದು ಪ್ರಬಲವಾದ ಕಾರಣ. ೨೦೧೨ರ ಅಕ್ಟೋಬರಿನ ಉಬುಂಟು ಆವೃತ್ತಿಯು ಅಡಕಮುದ್ರಿಕೆಯ ೭೦೦ ಮೆಗಾಬೈಟುಗಳ ಎಲ್ಲೆಯನ್ನು ದಾಟಿತು. ಅದೇ ವರ್ಷ ವಿಂಡೋಸ್ ೮ರೊಡನೆ ಬಂದ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ನೆಲೆಗೊಂಡು, ಅಂಗೀಕೃತ ಮುದ್ರೆಯಿಲ್ಲದ ವ್ಯವಸ್ಥೆಗಳನ್ನು ತಡೆಯತೊಡಗಿತು. ತಟ್ಟೆಯನ್ನು ಓದುವ ಸಾಧನವೇ ಹೊಸ ಯಂತ್ರಗಳಿಂದ ಕ್ರಮೇಣ ಮರೆಯಾಯಿತು. ಆ ಸ್ಥಾನವನ್ನು ಯು.ಎಸ್.ಬಿ. ಕಡ್ಡಿಯು ಆಕ್ರಮಿಸಿತು.

ತಟ್ಟೆ ಹೋದರೂ ಅದರ ತತ್ತ್ವವು ಅಳಿಯಲಿಲ್ಲವೆಂಬುದಕ್ಕೆ ಬಿಟ್‌ಕ್ಯುರೇಟರ್ ಸಾಕ್ಷಿ. ಅಮೆರಿಕದ ಉತ್ತರ ಕೆರೊಲಿನಾ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು ಮೆಲನ್ ಪ್ರತಿಷ್ಠಾನದ ನೆರವಿನಿಂದ ೨೦೧೧ರಲ್ಲಿ ಇದನ್ನು ಆರಂಭಿಸಿದುವು. ಲೇಖಕರ ಹಳೆಯ ಫ್ಲಾಪಿಗಳೂ ಡಿಸ್ಕುಗಳೂ ಭಂಡಾರಕ್ಕೆ ಬಂದಾಗ ಅವುಗಳನ್ನು ಸಾಮಾನ್ಯ ಯಂತ್ರಕ್ಕೆ ಜೋಡಿಸಿದರೆ ಯಂತ್ರವು ತನಗೆ ತಾನೇ ಅವುಗಳ ಮೇಲೆ ಏನನ್ನಾದರೂ ಬರೆಯಬಹುದು, ದಿನಾಂಕಗಳು ಬದಲಾಗಬಹುದು. ಮೂಲವನ್ನು ಓದಲು ಮಾತ್ರ ಬರುವಂತೆ ತೆರೆದು, ಅದರ ಯಥಾವತ್ ಪ್ರತಿಯನ್ನು ತೆಗೆದು, ಮುಂದಿನ ಪರಿಶೀಲನೆಯನ್ನೆಲ್ಲ ಪ್ರತಿಯ ಮೇಲೆಯೇ ನಡೆಸುವುದು ಈ ವ್ಯವಸ್ಥೆಯ ಕ್ರಮ. ಮೂಲಪ್ರತಿಯ ಮೇಲೆ ಲೇಖನಿಯನ್ನು ಇಡಬಾರದೆಂಬ ಹಸ್ತಪ್ರತಿಶಾಸ್ತ್ರದ ಶಿಸ್ತು ಇಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ.

ಈ ವೃತ್ತಾಂತದಿಂದ ಹಸ್ತಪ್ರತಿ ಭಂಡಾರಗಳು ಗ್ರಹಿಸಬೇಕಾದುದು ಸ್ಪಷ್ಟವಾಗಿದೆ. ಬರೆಯಬಲ್ಲ ಅಡಕಮುದ್ರಿಕೆಯ ಬಣ್ಣದ ಪದರವು ಬಿಸಿಲಿಗೂ ಶಾಖಕ್ಕೂ ತೇವಕ್ಕೂ ಕೆಡುತ್ತದೆ. ಶತಮಾನಗಳನ್ನು ಕಂಡ ಓಲೆಯೊಡನೆ ಅದನ್ನು ಹೋಲಿಸುವಂತಿಲ್ಲ. ಪ್ರತಿಗಳು ಕೆಡದೆ ಉಳಿದರೂ ಓದುವ ತಂತ್ರಾಂಶವು ಉಳಿಯದಿದ್ದರೆ ಪ್ರಯೋಜನವಿಲ್ಲ. ಯೂನಿಕೋಡ್ ಸಂಕೇತವು ರೂಢವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದ ಪಠ್ಯಗಳನ್ನು ಆಯಾ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥಹೀನವಾದ ರೋಮನ್ ಅಕ್ಷರಗಳ ಸಾಲು. ಹಲವು ವರ್ಷ ಶ್ರಮಿಸಿ ಓಲೆಯಿಂದ ಎತ್ತಿದ ಪಾಠವು ಹೀಗೆ ಓಲೆಗಿಂತಲೂ ಮೊದಲೇ ಅವಾಚ್ಯವಾಗುವ ಸಂಭವವಿದೆ. ರೆಡ್ ಹ್ಯಾಟ್ ಸಂಸ್ಥೆಯು ಮುಕ್ತವಾಗಿ ಬಿಡುಗಡೆಮಾಡಿದ ಲೋಹಿತ್ ಅಕ್ಷರಮಾಲೆಗಳಲ್ಲಿ ಕನ್ನಡವೂ ಸೇರಿದ್ದು, ಯೂನಿಕೋಡ್ ಪಠ್ಯವನ್ನು ಮುಕ್ತ ವ್ಯವಸ್ಥೆಗಳಲ್ಲಿ ಓದಲು ನೆರವಾಯಿತು. ಆದರೆ ಹಳೆಯ ಸಂಕೇತದ ಪಠ್ಯವನ್ನು ಹೊಸದಕ್ಕೆ ಪರಿವರ್ತಿಸುವ ಹೊಣೆ ಭಂಡಾರದ್ದೇ.

ಆದಕಾರಣ ತಟ್ಟೆಯಲ್ಲಿರುವುದನ್ನು ಅದು ಓದಲು ಬರುತ್ತಿರುವಾಗಲೇ ಒಂದು ಬಿಂಬಕಡತವಾಗಿ ಎತ್ತಿಕೊಂಡು ಬೇರೆ ಬೇರೆ ಎಡೆಗಳಲ್ಲಿ ಇರಿಸಬೇಕು. ಆ ಕಡತದ ಪರಿಶೀಲನ ಸಂಖ್ಯೆಯನ್ನು ಕಾಗದದ ಮೇಲೆಯೂ ಬರೆದಿಡಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಆ ಸಂಖ್ಯೆ ಬದಲಾಗುವುದರಿಂದ ಪ್ರತಿಯ ಶುದ್ಧಿಯನ್ನು ಅಳೆಯಲು ಅದೇ ಒರೆಗಲ್ಲು. ಓದಲು ಬೇಕಾದ ತಂತ್ರಾಂಶವನ್ನೂ ಅಕ್ಷರಮಾಲೆಯನ್ನೂ, ಮುಕ್ತವಾದುದಾದರೆ ಮೂಲಸಂಕೇತದೊಡನೆ, ಜೊತೆಯಲ್ಲಿರಿಸಬೇಕು. ಯಾರು, ಎಂದು, ಯಾವ ಮೂಲದಿಂದ ಪ್ರತಿಮಾಡಿದರೆಂಬ ವಿವರವನ್ನು ಪ್ರಶಸ್ತಿಯ ಮಾದರಿಯಲ್ಲಿ ನಮೂದಿಸಬೇಕು. ಫ್ಯಾಬ್ರಿಸ್ ಬೆಲ್ಲಾರ್ಡ್ ೨೦೦೩ರಲ್ಲಿ ಹೊರತಂದ ಕ್ಯೂಎಮು ಮೊದಲಾದ ಅನುಕರಣ ತಂತ್ರಾಂಶಗಳು ಒಂದು ಯಂತ್ರದೊಳಗೆ ಮತ್ತೊಂದು ಯಂತ್ರವನ್ನು ಕಲ್ಪಿಸಬಲ್ಲುವು. ತಟ್ಟೆಯೂ ಅದನ್ನು ಓದುವ ಸಾಧನವೂ ಇಲ್ಲದಿದ್ದರೂ ಹಳೆಯ ಕ್ನಾಪಿಕ್ಸಿನ ಬಿಂಬಕಡತವನ್ನು ಅವುಗಳೊಳಗೆ ನಡೆಸಲು ಬರುತ್ತದೆ. ಮುಕ್ತ ಪರವಾನಗಿಯುಳ್ಳ ತಂತ್ರಾಂಶವನ್ನು ಹೀಗೆ ಪ್ರತಿಮಾಡಿ ಉಳಿಸಲು ಯಾವ ಭಂಡಾರವೂ ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಒಡೆಯನ ಅಪ್ಪಣೆಯಿಲ್ಲದೆ ಪ್ರತಿಮಾಡಲು ಬಾರದ ತಂತ್ರಾಂಶವನ್ನೇ ನಚ್ಚಿದ ಸಂಗ್ರಹಗಳಿಗೆ ಈ ಸೌಲಭ್ಯವಿಲ್ಲ. ಮುಂದೆ ಪ್ರತಿಗಳನ್ನು ಸಿದ್ಧಪಡಿಸುವಾಗ ಯಾವ ತಂತ್ರಾಂಶವನ್ನು ಆಶ್ರಯಿಸಬೇಕೆಂಬುದನ್ನು ಭಂಡಾರಗಳ ವ್ಯವಸ್ಥಾಪಕರು ಈ ಅಂಶವನ್ನು ಮುಂದಿರಿಸಿಕೊಂಡೇ ನಿರ್ಣಯಿಸುವುದು ಉಚಿತ.