ನೀರು ಒಳಬರುವ ದಾರಿ

ಸಮುದ್ರದೊಳಗೆ ತೆಗೆದ, ನಮಗೆ ಗೊತ್ತಿರುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು 1856ರದು. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ವಕೀಲ ವಿಲಿಯಂ ಥಾಂಪ್ಸನ್ ಬಡಗಿಯೊಬ್ಬನಿಂದ ಪೆಟ್ಟಿಗೆ ಮಾಡಿಸಿ, ಮುಂದೆ ಗಾಜು ಕೂರಿಸಿ, ಒಳಗೆ ಕ್ಯಾಮೆರಾ ಇಟ್ಟು ವೇಮತ್ ಕೊಲ್ಲಿಯಲ್ಲಿ ಸುಮಾರು 18 ಅಡಿ ಆಳಕ್ಕೆ ಇಳಿಬಿಟ್ಟ. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಮಸುಕಾದ ಚಿತ್ರವೊಂದು ಉಳಿಯಿತು. ಹೌಸಿಂಗ್ ಎಂದು ನಾವು ಇಂದು ಕರೆಯುವ ವಸ್ತುವಿನ ಚರಿತ್ರೆ ಶುರುವಾಗುವುದೇ ಹೀಗೆ, ಸೋರಿಕೆಯಿಂದ.

ಕಾರಣ ಸರಳ. ಪ್ರತಿ 10 ಮೀಟರ್ ಆಳಕ್ಕೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತದೆ. ಅಂಗೈ ಅಗಲದ, 10 ಸೆಂಟಿಮೀಟರ್ ಚೌಕದ ಗಾಜಿನ ಮೇಲೆ 10 ಮೀಟರಿನಲ್ಲಿ 100 ಕಿಲೋ, ಅಂದರೆ ಎರಡು ಅಕ್ಕಿ ಮೂಟೆ. 30 ಮೀಟರಿಗೆ ಆರು ಮೂಟೆ.

1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ ಈ ಭಾರದೊಂದಿಗೆ ಗುದ್ದಾಡುವ ಬದಲು ರಾಜಿ ಮಾಡಿಕೊಂಡ. ತಮ್ಮ ಕ್ಯಾಮೆರಾ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಚೀಲವೊಂದನ್ನು ಜೋಡಿಸಿದ. ಆಳಕ್ಕೆ ಹೋದಂತೆ ನೀರು ಚೀಲವನ್ನು ಹಿಂಡುತ್ತದೆ, ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡುತ್ತದೆ.

ಮುಂದಿನ ಹೆಜ್ಜೆ ಬಂದದ್ದು ಕ್ಯಾಮೆರಾ ಲೋಕದ ಹೊರಗಿನಿಂದ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ 1937ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಓ-ರಿಂಗ್‌ಗೆ ಪೇಟೆಂಟ್ ಅರ್ಜಿ ಹಾಕಿದ. ಬಳೆಯಂಥ ರಬ್ಬರ್ ಉಂಗುರ, ಅದು ಕೂರಲು ಒಂದು ಕಾಲುವೆ, ಅಷ್ಟೇ. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಬಳಕೆಯಾದ ಇದೇ ಉಂಗುರ ಮುಂದೆ ಕ್ಯಾಮೆರಾಗಳಿಗೂ ಬಂತು. ಬೆಲ್ಜಿಯಂನ ಜಾನ್ ದ ವೌಟರ್ಸ್ ರೂಪಿಸಿದ ಕ್ಯಾಲಿಪ್ಸೊ ಕ್ಯಾಮೆರಾ 1963ರಲ್ಲಿ ನಿಕಾನೋಸ್ ಆಯಿತು. ಅದಕ್ಕೆ ಬೇರೆ ಪೆಟ್ಟಿಗೆಯೇ ಬೇಡವಾಗಿತ್ತು.

ನಾನು ವಸಂತ್ ಕುಂಜ್‌ನಲ್ಲಿದ್ದೇನೆ. ಸಮುದ್ರಕ್ಕೂ ನಮಗೂ ಸಾವಿರ ಕಿಲೋಮೀಟರ್ ದೂರ. ಆದರೂ ಚಳಿಗಾಲದಲ್ಲಿ ರಜೆ ಹಾಕಿ ಮುರುಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ ನೇತ್ರಾಣಿ ದ್ವೀಪದಲ್ಲಿ ಮುಳುಗುವವರು ಇಲ್ಲಿನ ಕನ್ನಡಿಗರಲ್ಲೂ ಇದ್ದಾರೆ. ಅವರಿಗಾಗಿಯೇ ಈ ಚರಿತ್ರೆಯ ಒಂದು ತಿರುವನ್ನು ಹೇಳಬೇಕು: ಆಳ ಹೆಚ್ಚಿದಷ್ಟೂ ಓ-ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ನೀರೇ ಅದನ್ನು ಕಾಲುವೆಯ ಗೋಡೆಗೆ ಒತ್ತುತ್ತದೆ. ಹಾಗಾಗಿ ಅನೇಕ ಹೌಸಿಂಗ್‌ಗಳು ಸೋರುವುದು ಮೊದಲ ಕೆಲವು ಅಡಿಗಳಲ್ಲೇ. ಅಪರಾಧಿ ಆಳವಲ್ಲ, ಒಂದು ಕೂದಲು, ಒಂದು ಮರಳ ಕಣ.

ದೆಹಲಿಯ ಧೂಳಿನಲ್ಲಿ ಈ ಮಾತಿಗೆ ತೂಕ ಜಾಸ್ತಿ. ಫ್ಯಾನ್ ಆರಿಸಿ, ಮೇಜು ಒರೆಸಿ, ಉಂಗುರವನ್ನು ಬೆರಳಲ್ಲಿ ಸವರಿ ನೋಡಿ, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಗ್ರೀಸ್ ಸೋರಿಕೆ ತಡೆಯುವುದಿಲ್ಲ, ಉಂಗುರ ಸಲೀಸಾಗಿ ಕೂರಲು ನೆರವಾಗುತ್ತದೆ; ಹೆಚ್ಚಾದರೆ ಧೂಳನ್ನೇ ಹಿಡಿಯುತ್ತದೆ. ಮೊದಲ ಮುಳುಗು ಕ್ಯಾಮೆರಾ ಇಲ್ಲದ ಖಾಲಿ ಪೆಟ್ಟಿಗೆಯದಾಗಲಿ. ವಿಮಾನದಲ್ಲಿ ಒಯ್ಯುವಾಗ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಬೇಡಿ. ಮೇಲೆ ಹೊರಗಿನ ಒತ್ತಡ ಇಳಿದಾಗ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಗಾಜು ಕೂತಿರುವುದು ಹೊರಗಿನಿಂದ ಬರುವ ಒತ್ತಡ ತಡೆಯಲು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಗಾಜಿನ ಹಿಂದೆ ನೀರಿನ ಗುಳ್ಳೆ ಕಾಣಬಹುದು. ಆ ಕ್ಷಣದಲ್ಲಿ ಕ್ಯಾಮೆರಾ ಉಳಿಸಲು ಮೇಲಕ್ಕೆ ಧಾವಿಸುವುದೇ ನಿಜವಾದ ಅಪಾಯ. ವೇಗವಾಗಿ ಏರಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ. ಉಸಿರು ಬಿಗಿಹಿಡಿದು ಏರಿದರೆ ಶ್ವಾಸಕೋಶವೇ ಹರಿಯಬಹುದು. ಜೊತೆಗಾರನಿಗೆ ಸನ್ನೆ ಮಾಡಿ, ಎಂದಿನಂತೆ ನಿಧಾನವಾಗಿ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಮೇಲೆ ಬಂದ ಮೇಲೂ ಪೆಟ್ಟಿಗೆಯನ್ನು ಮುಖದಿಂದ ದೂರ ಹಿಡಿದು ತೆರೆಯಿರಿ, ಉಪ್ಪುನೀರು ತಗುಲಿದ ಬ್ಯಾಟರಿ ಒಳಗೆ ಅನಿಲ ತುಂಬಿರಬಹುದು.

ಥಾಂಪ್ಸನ್‌ನ ಪೆಟ್ಟಿಗೆ ಮಾತ್ರ ನೀರಲ್ಲಿತ್ತು, ಅವನು ದೋಣಿಯಲ್ಲಿದ್ದ. ಇಂದು ನಾವೂ ಪೆಟ್ಟಿಗೆಯ ಜೊತೆಗೇ ಇಳಿಯುತ್ತೇವೆ. ಕ್ಯಾಮೆರಾ ಮತ್ತೆ ಕೊಳ್ಳಬಹುದು.